ಚುಕ್ಕಿಯ ಕೆಳಗಿನ ಸಾಲು

ಸೊಟ್ಟಗಿರೋದನ್ನ ಕಂಡರೆ ನನಗೆ ಕೈ ತಡೆಯಲ್ಲ. ಗೋಡೆ ಮೇಲಿನ ಕ್ಯಾಲೆಂಡರ್ ಒಂದು ಕಡೆಗೆ ವಾಲಿದ್ದರೆ, ಅದು ಯಾರ ಮನೆಯಾದರೂ ಸರಿ, ಎದ್ದುಹೋಗಿ ಅದನ್ನ ನೆಟ್ಟಗೆ ಮಾಡಿ ಬಂದ ಮೇಲೇ ನನಗೆ ಕುಡಿದ ಕಾಫಿ ಗಂಟಲಲ್ಲಿ ಇಳಿಯೋದು. ನನ್ನ ಗಂಡ ಇದಕ್ಕೆ ಕೈ ತುರಿಕೆ ಅಂತ ಹೆಸರಿಟ್ಟಿದ್ದಾನೆ. ಅಂಥವಳ ಮೇಜಿನ ಮೇಲೆ, ನೀರಿನ ಪಂಪುಗಳಿರೋ ದೊಡ್ಡ ಕೋಣೆ, ಅಂದರೆ ಪಂಪ್ ಹಾಲಿನ ಪ್ರಿಂಟರಿನಲ್ಲಿ ಅಚ್ಚಾದ ಒಂದು ಕಾಗದ ದಿನಾ ಬಂದು ಬೀಳ್ತಿತ್ತು. ಮೊದಲನೇ ಸಾಲು ಎಡಗಡೆ ಶುರು. ಎರಡನೇದು ಮೊದಲನೇದು ಮುಗಿದ ಜಾಗದ ಕೆಳಗೆ. ಮೂರನೇದು ಇನ್ನೂ ಆಚೆ. ಬಲತುದಿಗೆ ಹೋದ ಮೇಲೆ ಜಾಗ ಸಾಲದೆ ಅಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದು ಕಪ್ಪು ಗಂಟು. ಓದೋಕೆ ಹೋದರೆ ಮೆಟ್ಟಿಲು ಇಳಿದ ಹಾಗಾಗ್ತಿತ್ತು. ನೋಡಿ ನೋಡಿ ನನಗೆ ತಲೆ ಕೆಟ್ಟಿತ್ತು.

ನಾನಿರೋದು ನೀರು ಸರಬರಾಜು ಆಫೀಸಿನ ಮೇಲಿನ ಮಹಡಿಯಲ್ಲಿ. ನೀರಿನ ಲೆಕ್ಕ ನನ್ನದಲ್ಲ, ಸಂದೇಶಗಳು ನನ್ನವು. ಊರಿನ ಆ ತುದಿಯಲ್ಲಿ ವಾಲ್ವ್ ಆಫೀಸು, ಈ ತುದಿಯಲ್ಲಿ, ನಮ್ಮ ಅಂಗಳದಾಚೆ, ಪಂಪ್ ಹಾಲು. ವಾಲ್ವ್ ಆಫೀಸಿನಲ್ಲಿ ಟೈಪ್ ಮಾಡಿದ್ದು ನನ್ನ ಕೋಣೆಯ ದೊಡ್ಡ ಯಂತ್ರಕ್ಕೆ ಬಂದು, ಇಲ್ಲಿಂದ ಪಂಪ್ ಹಾಲಿನ ಪ್ರಿಂಟರಿಗೆ ಇಳಿಯಬೇಕು. ಇಳಿಯೋ ಹಾಗೆ ನೋಡಿಕೊಳ್ಳೋದು ನನ್ನ ಕೆಲಸ. ವಾಲ್ವ್ ಆಫೀಸಿನ ಮುಖ್ಯಸ್ಥರು ನನ್ನ ಮಾವ. ದೊಡ್ಡ ಪೈಪಿನ ಒಳಗೆ ಇಳಿದು ವೆಲ್ಡಿಂಗ್ ಮಾಡೋ ತಂಡದ ಮೇಸ್ತ್ರಿ ನನ್ನ ಗಂಡ. ಒಂದೇ ಮನೆಯಿಂದ ಮೂರು ಜನ. ನಿಮ್ಮನೆ ನಲ್ಲಿಗೆ ಮೀಟರಾದರೂ ಇದೆಯೇನಮ್ಮ ಅಂತ ಕ್ಯಾಂಟೀನಿನಲ್ಲಿ ಕೇಳದವರು ಪಾಪಿಗಳು.

ಪಂಪ್ ಹಾಲು ನೋಡಿಕೊಳ್ಳೋರನ್ನ ಎಲ್ಲರೂ ಗುಡುಗಣ್ಣ ಅಂತಾರೆ. ಆ ಪಂಪುಗಳ ಪಕ್ಕದಲ್ಲೇ ತಲೆ ನರೆತ ಮನುಷ್ಯ. ಅರ್ಧ ಕಿವಿ ಹೋಗಿದೆ, ಅದಕ್ಕೆ ಸರಿಯಾಗಿ ದನಿ ದುಪ್ಪಟ್ಟಾಗಿದೆ. ಆ ಹಾಲಿನಲ್ಲಿ ಫೋನ್ ಬಡಕೊಂಡರೂ ಯಾರಿಗೂ ಕೇಳಿಸಲ್ಲ. ಹಾಗಾಗಿ ಅಲ್ಲೊಂದು ನಿಯಮ ಇದೆ, ಬಾಗಿಲ ಮೇಲೇ ಬರೆದು ಹಾಕಿದ್ದಾರೆ: ಕಾಗದ ಬಾರದೆ ನೀರು ಬಿಡೋ ಚಕ್ರ ತಿರುಗಿಸೋ ಹಾಗಿಲ್ಲ. ಸಾಕ್ಷಾತ್ ದೇವರೇ ಬಂದು ಬಾಯಲ್ಲಿ ಹೇಳಿದರೂ ಗುಡುಗಣ್ಣ ಕೈ ಚಾಚಿ ಕಾಗದ ಕೇಳ್ತಾರೆ.

ಇನ್ನು ಮಾವನಿಗೆ ಆಫೀಸಿನಲ್ಲಿ ಚುಕ್ಕಿ ಸಾಹೇಬ್ರು ಅಂತ ಹೆಸರು. ಅವರು ಏನೇ ಬರೆಯಲಿ, ಎರಡು ಭಾಗ. ಮೇಲೆ ಕೆಲಸ, ಕೆಳಗೆ ಜನ. ಯಾವ ಪೈಪು, ಎಷ್ಟು ಹೊತ್ತಿಗೆ, ತೆರೆಯೋದೋ ಮುಚ್ಚೋದೋ, ಇದೆಲ್ಲ ಮೇಲೆ. ಒಳಗೆ ಯಾರಿದ್ದಾರೆ, ಯಾರು ಹೊರಗೆ ಬಂದರು, ಇದು ಕೆಳಗೆ. ನಡುವೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ, ಬೇರೇನೂ ಇಲ್ಲ. ಹಿಂದಿನ ಕಾಲದ ಯಂತ್ರದಲ್ಲಿ ಖಾಲಿ ಸಾಲು ಬಿಟ್ಟರೆ ಅದು ನುಂಗಿಹಾಕಿ ಮೇಲಿನದಕ್ಕೆ ಕೆಳಗಿನದನ್ನ ಅಂಟಿಸಿಬಿಡ್ತಿತ್ತಂತೆ. ಅದಕ್ಕೇ ಒಂದು ಚುಕ್ಕಿಯನ್ನ ಕಾವಲಿಗೆ ನಿಲ್ಲಿಸಿದರು. ಆ ಯಂತ್ರ ಗುಜರಿಗೆ ಹೋಗಿ ಯಾವ ಕಾಲವಾಯಿತೋ, ಚುಕ್ಕಿ ಮಾತ್ರ ಹಾಗೇ ಉಳೀತು. ಮನೆಯಲ್ಲಿ ಅಡುಗೆ ಕೋಣೆಯ ಬೋರ್ಡಿನ ಮೇಲೆ ಬರೆದರೂ ಹಾಗೇ: ಗ್ಯಾಸ್ ಮುಗಿದಿದೆ. ಚುಕ್ಕಿ. ನಾನು ವಾಕಿಂಗ್ ಹೋಗಿದ್ದೇನೆ.

ನನಗೂ ಅವರಿಗೂ ಜಗಳವಿಲ್ಲ, ಮಾತೂ ಇಲ್ಲ. ಅವರು ನನ್ನ ಹತ್ತಿರ ನೇರವಾಗಿ ಮಾತಾಡಲ್ಲ. ಅತ್ತೆ ಇದ್ದಾಗ ಅತ್ತೆಗೆ ಹೇಳೋರು, ಈಗ ಮಗನಿಗೆ. ನಾನು ಎದುರಿಗೇ ತಟ್ಟೆ ಇಟ್ಟುಕೊಂಡು ಕೂತಿರ್ತೀನಿ, ಅವರು ಮಗನ ಕಡೆ ತಿರುಗಿ, ಅವಳಿಗೆ ಹೇಳು, ನನಗೆ ಇಷ್ಟೇ ಸಾಕು ಅಂತ, ಅಂತಾರೆ. ಅವನು ನನ್ನ ಕಡೆ ತಿರುಗಿ, ಕೇಳಿಸ್ತಾ ಅಂತಾನೆ. ಕೇಳಿಸದೆ ಇನ್ನೇನು, ನಾನೇನು ಪಕ್ಕದ ಊರಲ್ಲಿದ್ದೀನಾ? ಕೆಟ್ಟ ಮನುಷ್ಯರೇನಲ್ಲ. ಆದರೆ ಮದುವೆಯಾಗಿ ಇಷ್ಟು ವರ್ಷ ಆದ ಮೇಲೂ ಅವಳು, ಅವಳಿಗೆ, ಅವಳ ಹತ್ತಿರ ಅನ್ನಿಸಿಕೊಂಡು ಇರೋದು ಅಂದರೆ ಒಳಗೊಳಗೇ ಉರೀತಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಪಂಪ್ ಹಾಲಿನ ಕಾಗದದ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆ. ನಮ್ಮ ಅಕ್ಷರ ಹೇಗೆ ಬರೆಯೋದು ಅಂತ ಕಳಿಸೋ ಯಂತ್ರಕ್ಕೆ ಗೊತ್ತು, ಅಚ್ಚು ಹಾಕೋ ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಗುರುತು ಸಿಗದ ಪ್ರತಿ ಅಕ್ಷರಕ್ಕೂ ಅದೊಂದು ಪ್ರಶ್ನೆ ಹಾಕಿ ಕೈತೊಳೆದುಕೊಳ್ತಿತ್ತು. ನಿಮ್ಮಾವ ಆರ್ಡರ್ ಕೊಡೋದು ಬಿಟ್ಟು ಬೆಳಗಿಂದ ಸಂಜೆವರೆಗೆ ನನ್ನನ್ನ ಪ್ರಶ್ನೆ ಕೇಳ್ತಾರಲ್ಲ ತಾಯಿ ಅಂತ ಗುಡುಗಣ್ಣ ಗುಡುಗ್ತಿದ್ದರು. ಅದನ್ನ ಸರಿ ಮಾಡಿದೆ. ಅಕ್ಷರ ಬಂತು. ಅಕ್ಷರ ಬಂದ ಮೇಲೆ ಈ ಮೆಟ್ಟಿಲು ಕಾಣಿಸ್ತು.

ಕಾರಣ ಹುಡುಕೋಕೆ ಕಷ್ಟವೇನಾಗಲಿಲ್ಲ. ಯಂತ್ರಗಳ ಲೋಕದಲ್ಲಿ ಒಂದು ಸಾಲು ಮುಗೀತು ಅನ್ನೋಕೆ ಎರಡು ಗುರುತು ಇವೆ. ಒಂದರ ಅರ್ಥ, ಎಡಕ್ಕೆ ವಾಪಸ್ ಬಾ. ಇನ್ನೊಂದರ ಅರ್ಥ, ಒಂದು ಸಾಲು ಕೆಳಗಿಳಿ. ಮಾವನ ಆಫೀಸಿನಿಂದ ಸಂದೇಶ ಕಳಿಸೋ ಪ್ರೋಗ್ರಾಮನ್ನ ಯಾವನೋ ಕಂಟ್ರಾಕ್ಟಿನವನು ಬರೆದು ಹೋಗಿದ್ದ. ಅವನು ಕೆಳಗಿಳಿ ಅಂತ ಮಾತ್ರ ಹೇಳಿದ್ದ, ವಾಪಸ್ ಬಾ ಅನ್ನೋದನ್ನ ಬಿಟ್ಟಿದ್ದ. ಪ್ರಿಂಟರು ಪಾಪ, ಹೇಳಿದಷ್ಟು ಮಾಡ್ತಿತ್ತು. ಎಲ್ಲ ಯಂತ್ರಗಳೂ ಒಪ್ಪಿಕೊಂಡ ನಿಯಮದ ಪುಸ್ತಕ ಒಂದಿದೆ, ಅದರಲ್ಲಿ ಎರಡೂ ಜೊತೆಯಲ್ಲೇ ಇರಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ನಾನು ಪುಸ್ತಕದ ಆ ಪುಟ ಓದಿದೆ, ಪಕ್ಕದ ಪುಟಗಳನ್ನ ಹಾರಿಸಿದೆ, ಸೋಮವಾರ ಬೆಳಿಗ್ಗೆ ಪ್ರೋಗ್ರಾಮಿನ ಒಂದೇ ಒಂದು ಸಾಲು ಬದಲಾಯಿಸಿದೆ. ಅಷ್ಟೇ. ಪಂಪ್ ಹಾಲಿನ ಕಾಗದ ಅಳತೆಪಟ್ಟಿ ಇಟ್ಟ ಹಾಗೆ ನೆಟ್ಟಗೆ ಬಂತು.

ಗುಡುಗಣ್ಣ ಖುದ್ದಾಗಿ ಮೇಲೆ ಹತ್ತಿ ಬಂದು ಶಹಭಾಸ್ ಅಂದರು. ಈಗ ನೋಡು ತಾಯಿ, ಚಿಕ್ಕದಾಗಿ ಚೊಕ್ಕವಾಗಿ ಬರ್ತಿದೆ, ಹಿಂದಿನ ಹಾಗೆ ಉದ್ದ ಪುರಾಣವಿಲ್ಲ ಅಂದರು. ನಾನು ಉಬ್ಬಿಹೋದೆ. ಚಿಕ್ಕದಾಗಿ ಅಂದರಲ್ಲ, ಯಾಕೆ ಚಿಕ್ಕದಾಯಿತು ಅಂತ ಒಂದು ಸಲ ತಲೆಗೆ ಹೊಳೆಯಬೇಡವಾ? ಹೊಳೀಲಿಲ್ಲ. ಹೊಗಳಿಕೆ ಕಿವಿಗೆ ಬಿದ್ದಾಗ ನನ್ನ ತಲೆ ರಜೆ ಹಾಕುತ್ತೆ.

ರಾತ್ರಿ ಊಟದ ಹೊತ್ತಿಗೆ ಮಾವ ಮಗನಿಗೆ ಹೇಳಿದರು, ಯಂತ್ರಕ್ಕೆ ಕೈ ಹಾಕೋ ಮುಂಚೆ ನನಗೊಂದು ಮಾತು ಹೇಳಬೇಕಿತ್ತು ಅಂತ ಅವಳಿಗೆ ಹೇಳು. ನಾನು ನೀರಿನ ಜಗ್ಗಿಗೆ ಹೇಳಿದೆ, ಸೊಟ್ಟಗಿದ್ದದ್ದನ್ನ ನೆಟ್ಟಗೆ ಮಾಡೋಕೆ ಯಾರ ಅಪ್ಪಣೆಯೂ ಬೇಕಿಲ್ಲ ಅಂತ. ನನ್ನ ಗಂಡ ತಲೆ ಎತ್ತದೆ ಬಡಿಸಿಕೊಂಡು ಊಟ ಮುಗಿಸಿದ. ನಾಳೆಯಿಂದ ಪೂರ್ವದ ಪೈಪಿನಲ್ಲಿ ಕೆಲಸ, ಬೇಗ ಮಲಗಬೇಕು ಅಂದ.

ಪೂರ್ವದ ಪೈಪು ಅಂದರೆ ಆಳು ನಿಂತು ನಡೆಯೋವಷ್ಟು ದೊಡ್ಡದು. ಪಂಪ್ ಹಾಲಿನಿಂದ ಹೊರಟು ಇಳಿಜಾರಿನಲ್ಲಿ ಸಾಗಿ ವಾಲ್ವ್ ಆಫೀಸಿನ ಪಕ್ಕ ತಳ ಮುಟ್ಟುತ್ತೆ. ಸೋರೋ ಬೆಸುಗೆ ಇದ್ದದ್ದು ಆ ತಳದಲ್ಲೇ. ಮಂಗಳವಾರ ಬೆಳಿಗ್ಗೆ ನೀರು ನಿಲ್ಲಿಸಿ, ಪೈಪು ಬರಿದು ಮಾಡಿ, ನನ್ನ ಗಂಡ ಮತ್ತು ಅವನ ತಂಡ ವೆಲ್ಡಿಂಗ್ ತಂತಿ ಎಳೆದುಕೊಂಡು ಒಳಗೆ ಇಳಿದರು. ಮಾವ ಆಫೀಸಿನಲ್ಲಿ ಕೂರಲ್ಲ. ಒಳಗೆ ಜನ ಇದ್ದಷ್ಟು ಹೊತ್ತೂ ಇಳಿಯೋ ಬಾಯಿಯ ಹತ್ತಿರ ಮಡಚೋ ಕುರ್ಚಿ ಹಾಕಿಕೊಂಡು ಇರ್ತಾರೆ. ಫೋನು ಮೇಜಿನ ಡ್ರಾಯರಿನಲ್ಲಿ ಬಿದ್ದಿರುತ್ತೆ. ಜೇಬಿನಲ್ಲಿದ್ದರೆ ಗಮನ ಆ ಕಡೆ ಹೋಗುತ್ತೆ ಅನ್ನೋದು ಅವರ ವಾದ.

ಅವತ್ತು ಮಧ್ಯಾಹ್ನದ ಮೇಲೆ ನನಗೆ ಕೆಲಸವಿರಲಿಲ್ಲ. ಕೆಲಸವಿಲ್ಲದ ಹೊತ್ತು ನನ್ನ ಮಟ್ಟಿಗೆ ಕಾಯಿಲೆ ಇದ್ದ ಹಾಗೆ. ಎದ್ದೆ, ಕಿಟಕಿ ತೆಗೆದೆ, ಹಾಕಿದೆ, ಮತ್ತೆ ಕೂತೆ. ಸುಮ್ಮನೆ ದೊಡ್ಡ ಯಂತ್ರದ ದಿನಚರಿ ತೆರೆದೆ. ಯಾರು ಏನು ಕಳಿಸಿದರು, ತಾನು ಏನು ತಗೊಂಡೆ, ಏನು ತಿರಸ್ಕರಿಸಿದೆ ಅಂತ ಅದು ತನ್ನ ಪಾಡಿಗೆ ಬರೆದಿಡ್ತಾ ಇರುತ್ತೆ. ನೋಡಿದರೆ ಅಲ್ಲಲ್ಲಿ ಕೆಂಪು ಸಾಲು. ಅರ್ಥವಾಗದ ಆಜ್ಞೆ. ಅರ್ಥವಾಗದ ಆಜ್ಞೆ. ಪಕ್ಕದಲ್ಲಿ ಉದ್ದುದ್ದ ಸಂಖ್ಯೆಗಳ ಮಾಲೆ. ಯಾವನೋ ಹೊರಗಿನಿಂದ ನನ್ನ ಯಂತ್ರದ ಬಾಗಿಲು ತಟ್ಟಿ ಕೀಟಲೆ ಮಾಡ್ತಿದ್ದಾನೆ ಅಂದುಕೊಂಡೆ. ಪಿತ್ತ ನೆತ್ತಿಗೇರಿತು. ಹಿಡಿದು ಗ್ರಹಚಾರ ಬಿಡಿಸೋಣ ಅಂತ ಹತ್ತಿರ ಹೋಗಿ ನೋಡಿದೆ.

ಎಲ್ಲ ಮಾಲೆಗಳೂ ಇಂಗ್ಲಿಷಿನ ಇ ಜೊತೆ ಸೊನ್ನೆ, ಬಿ ಜೊತೆ ಎರಡು, ಮತ್ತೆ ಇ ಸೊನ್ನೆ, ಬಿ ಎರಡು ಅಂತ ಸಾಗಿದ್ದವು. ಅದನ್ನ ನೋಡಿ ಕೈ ನಿಂತಿತು. ನಮ್ಮ ಒಂದೊಂದು ಅಕ್ಷರವನ್ನೂ ಯಂತ್ರ ಮೂರು ಸಂಖ್ಯೆಯಾಗಿ ಬರೆದುಕೊಳ್ಳುತ್ತೆ. ಮೊದಲನೆಯ ಎರಡು ಮನೆತನದ ಹೆಸರಿದ್ದ ಹಾಗೆ, ಹೆಚ್ಚುಕಮ್ಮಿ ಎಲ್ಲ ಅಕ್ಷರಕ್ಕೂ ಒಂದೇ. ಕೊನೆಯದು ಆ ಅಕ್ಷರದ ಸ್ವಂತದ್ದು. ಹಾಗಾದರೆ ಇದು ಹೊರಗಿನವನ ಕೀಟಲೆಯಲ್ಲ, ನಮ್ಮವರೇ ನಮ್ಮ ಅಕ್ಷರದಲ್ಲಿ ಬರೆದದ್ದು. ಕೊನೆಯ ಮಾಲೆಯನ್ನ ತೆಗೆದು, ಪರದೆ ಮೇಲೆ ಸಂಖ್ಯೆಯನ್ನ ಅಕ್ಷರ ಮಾಡೋ ಕಿಟಕಿಯೊಳಗೆ ಹಾಕಿದೆ.

ಒಳಗೆ ಐದು ಜನ ಇದ್ದಾರೆ. ಎಲ್ಲರೂ ಹೊರಗೆ ಬಂದ ಮೇಲೆ ಇನ್ನೊಂದು ಕಾಗದ ಕಳಿಸುತ್ತೇನೆ. ಅದು ಬರುವವರೆಗೆ ಚಕ್ರ ಮುಟ್ಟಬೇಡಿ.

ಇದು ಮಾವನ ಸಂದೇಶದ ಕೆಳಭಾಗ. ಇದಕ್ಕೊಂದು ಮೇಲ್ಭಾಗ ಇರಬೇಕಲ್ಲ, ಅದೆಲ್ಲಿ? ಹುಡುಕಿದೆ. ಅದು ತಿರಸ್ಕಾರವಾಗಿರಲಿಲ್ಲ, ಸರಿಯಾಗೇ ಹೋಗಿತ್ತು, ಪಂಪ್ ಹಾಲಿನಲ್ಲಿ ಅಚ್ಚೂ ಆಗಿತ್ತು: ಪೂರ್ವದ ಪೈಪಿಗೆ ನಾಲ್ಕು ಗಂಟೆಗೆ ನೀರು ಬಿಡಬೇಕು. ಚಕ್ರ ನಿಧಾನವಾಗಿ ತಿರುಗಿಸಿ.

ಗುಡುಗಣ್ಣನಿಗೆ ಹೋದದ್ದು ಅಷ್ಟೇ. ಚುಕ್ಕಿಯ ಮೇಲಿನದು ಮಾತ್ರ.

ಆಗ ನೆನಪಾಯಿತು, ನಾನು ಹಾರಿಸಿದ ಪುಟ. ಯಂತ್ರಗಳ ನಿಯಮದಲ್ಲಿ ಒಂದು ಸಾಲಿನಲ್ಲಿ ಚುಕ್ಕಿ ಒಂದೇ ಇದ್ದರೆ ಸಂದೇಶ ಮುಗೀತು ಅಂತ ಅರ್ಥ. ಅಲ್ಲಿಗೆ ಯಂತ್ರ ಕಾಗದ ಮಡಚಿ ಕಳಿಸಿಬಿಡುತ್ತೆ, ಆಮೇಲೆ ಬಂದದ್ದನ್ನೆಲ್ಲ ತನಗೆ ಕೊಟ್ಟ ಆಜ್ಞೆ ಅಂದುಕೊಂಡು, ಅರ್ಥವಾಗಲಿಲ್ಲ ಅಂತ ಒದರಿ ಎಸೆಯುತ್ತೆ. ಬರೆಯೋರು ಚುಕ್ಕಿ ಇಟ್ಟಿದ್ದರೆ ಕಳಿಸೋ ಪ್ರೋಗ್ರಾಮು ಅದರ ಪಕ್ಕ ಇನ್ನೊಂದು ಚುಕ್ಕಿ ಸೇರಿಸಿ ಕಳಿಸಬೇಕು, ಆ ತುದಿಯವನು ಹೆಚ್ಚಿನದನ್ನ ತೆಗೀಬೇಕು. ಕಂಟ್ರಾಕ್ಟಿನವನು ಅದನ್ನೂ ಮಾಡಿರಲಿಲ್ಲ. ಇಷ್ಟು ವರ್ಷ ಏನೂ ಆಗಿರಲಿಲ್ಲ ಯಾಕೆ ಅಂದರೆ ಸಾಲುಗಳು ಸೊಟ್ಟಗಿದ್ದವು. ಅರ್ಧ ಗುರುತಿನ ನಡುವೆ ಕೂತ ಚುಕ್ಕಿ ಯಂತ್ರದ ಕಣ್ಣಿಗೆ ಒಂಟಿ ಅಂತ ಕಾಣ್ತಿರಲಿಲ್ಲ. ನಾನು ಸಾಲು ನೆಟ್ಟಗೆ ಮಾಡಿದೆ. ಚುಕ್ಕಿ ಒಂಟಿಯಾಯಿತು. ಜಗತ್ತಿನಲ್ಲಿ ಬರೀ ಚುಕ್ಕಿಗೆ ಒಂದು ಸಾಲು ಯಾರು ಕೊಡ್ತಾರೆ ಅಂತ ಆ ಪುಟ ಹಾರಿಸಿದ್ದೆ. ದಿನಾ ಅಂಥವರ ಎದುರಿಗೇ ಕೂತು ಊಟ ಮಾಡ್ತೀನಿ ನಾನು, ನನ್ನ ಕರ್ಮ.

ಗೋಡೆ ಗಡಿಯಾರ ನೋಡಿದೆ. ನಾಲ್ಕು ಆಗಿ ಮುಗಿದಿತ್ತು.

ಮಾವನಿಗೆ ಫೋನ್ ಮಾಡಿದೆ, ಡ್ರಾಯರಿನಲ್ಲಿ ಬಡಕೊಂಡಿತು. ಗಂಡನ ಫೋನು ಸತ್ತಿತ್ತು, ಭೂಮಿಯ ಒಳಗೆ ಇನ್ನೇನಾಗುತ್ತೆ. ಪಂಪ್ ಹಾಲಿಗೆ ಮಾಡಿದೆ, ಯಾರೂ ಎತ್ತಲಿಲ್ಲ. ನನ್ನ ಪರದೆಯ ಮೂಲೆಯಲ್ಲಿ ತುರ್ತು ಸಂದೇಶದ್ದೊಂದು ಹಳೇ ಕಿಟಕಿ ಇತ್ತು, ಯಾರೂ ಬಳಸದೇ ಇರೋದು. ಅದರಲ್ಲಿ ನೀರು ನಿಲ್ಲಿಸಿ, ಒಳಗೆ ಜನ ಇದ್ದಾರೆ ಅಂತ ಬಡಿದು ಕಳಿಸಿದೆ. ಕಳಿಸಿದವಳು ಅದು ಅಚ್ಚಾಗುತ್ತೋ ಇಲ್ಲವೋ ಅಂತ ನೋಡೋಕೆ ನಿಲ್ಲಲಿಲ್ಲ. ಓಡಿದೆ.

ಮೆಟ್ಟಿಲು ಇಳಿಯೋವಾಗ ಒಂದು ಚಪ್ಪಲಿಯ ಪಟ್ಟಿ ಕಿತ್ತು ಹೋಯಿತು. ಎರಡನ್ನೂ ಅಲ್ಲೇ ಬಿಟ್ಟೆ. ಅಂಗಳದ ಫಿಲ್ಟರ್ ತೊಟ್ಟಿಗಳ ನಡುವಿನ ಕಟ್ಟೆ ಪಾಚಿಗಟ್ಟಿ ಜಾರ್ತಿತ್ತು, ಸುತ್ತಿ ಹೋಗೋಕೆ ಮನಸ್ಸು ಒಪ್ಪಲಿಲ್ಲ, ಕಟ್ಟೆ ಮೇಲೇ ಹೋದೆ. ತಲೆಯೊಳಗೆ ಒಂದೇ ಚಿತ್ರ, ಪೈಪಿನ ತಳದಲ್ಲಿ ಎಳೆದಾಡ್ತಿರೋ ವೆಲ್ಡಿಂಗ್ ತಂತಿ, ಅದರ ಮೇಲೆ ನೀರು. ಮುಳುಗೋಕೆ ಹೊತ್ತು ಬೇಕು. ಕರೆಂಟು ಹೊಡೆಯೋಕೆ ಹೊತ್ತು ಬೇಡ.

ಪಂಪ್ ಹಾಲಿನಲ್ಲಿ ಗುಡುಗಣ್ಣ ಚಕ್ರದ ಮುಂದೆ ನಿಂತಿದ್ದರು. ಲಾರಿಯ ಸ್ಟೀರಿಂಗಿಗಿಂತ ದೊಡ್ಡ ಕಬ್ಬಿಣದ ಚಕ್ರ. ಕಾಗದದಲ್ಲಿ ಹೇಳಿದ ಹಾಗೇ ನಿಧಾನವಾಗಿ, ಒಂದು ಸುತ್ತು ತಿರುಗಿಸೋದು, ನಿಲ್ಲೋದು, ಮಾಪಕ ನೋಡೋದು, ಮತ್ತೊಂದು ಸುತ್ತು. ನಾನು ಕಿರುಚಿದೆ. ನನ್ನ ಕಿರುಚು ನನಗೇ ಕೇಳಿಸಲಿಲ್ಲ. ಹೋಗಿ ಚಕ್ರಕ್ಕೆ ಕೈ ಹಾಕಿದೆ. ಅವರು ಬೆಚ್ಚಿಬಿದ್ದು ನನ್ನ ಕೈಯನ್ನ ತಳ್ಳಿದರು. ಹುಚ್ಚು ಹಿಡಿಯಿತೇನೋ ಅನ್ನೋ ಹಾಗೆ ನೋಡಿ, ಗೋಡೆಗೆ ಸಿಕ್ಕಿಸಿದ್ದ ಮಾವನ ಕಾಗದ ತೋರಿಸಿದರು. ಆಮೇಲೆ ಬಾಗಿಲ ಮೇಲಿನ ನಿಯಮ ತೋರಿಸಿದರು. ನಾನು ಪ್ರಿಂಟರ್ ತೋರಿಸಿದೆ. ನನ್ನ ಕಾಗದ ಬಂದಿರಬೇಕು, ನೋಡಿ, ನೋಡಿ.

ಬಂದಿತ್ತು. ಸಾಲು ತುಂಬ ಪ್ರಶ್ನಾರ್ಥಕ ಚಿಹ್ನೆ.

ಯಾರೂ ಬಳಸದ ಕಿಟಕಿ ಅಂತ ಅದನ್ನ ನಾನು ಸರಿ ಮಾಡಿರಲೇ ಇಲ್ಲ. ಅದು ಇನ್ನೂ ಹಳೇ ಕಾಲದಲ್ಲೇ ಇತ್ತು, ನಮ್ಮ ಅಕ್ಷರದ ಗುರುತೇ ಇಲ್ಲದೆ. ಗುಡುಗಣ್ಣ ಆ ಕಾಗದ ಹರಿದು ಬೆಳಕಿಗೆ ಹಿಡಿದು ನಕ್ಕರು. ಮತ್ತೆ ಶುರುವಾಯಿತಾ ನಿಮ್ಮಾವನ ಪ್ರಶ್ನೆ ಅಂತ ತುಟಿ ಆಡಿಸಿದ್ದು ಕಂಡಿತು. ನನಗೆ ಅವರನ್ನ ಹೊಡೆಯೋಷ್ಟು ಸಿಟ್ಟು ಬಂತು. ಅವರದೇನು ತಪ್ಪು, ಆದರೂ ಬಂತು. ಅವರ ಅಂಗಿ ಜೇಬಿನಿಂದ ಪೆನ್ ಕಿತ್ತುಕೊಂಡು, ಅದೇ ಕಾಗದದ ಮೇಲೆ, ಪ್ರಶ್ನೆಗಳನ್ನ ಅಡ್ಡ ಹೊಡೆದು, ದಪ್ಪಕ್ಕೆ ಬರೆದೆ: ನೀರು ನಿಲ್ಲಿಸಿ. ಒಳಗೆ ನನ್ನ ಗಂಡ ಇದ್ದಾನೆ. ಕೆಳಗೆ ಸಹಿ ಹಾಕಿದೆ.

ಅವರು ಓದಿದರು. ನಗು ಮುಖದ ಮೇಲೇ ಸತ್ತುಹೋಯಿತು. ಕಾಗದವನ್ನ ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಚಕ್ರ ಹಿಂದಕ್ಕೆ ಎಳೆಯೋಕೆ ಶುರು ಮಾಡಿದರು. ನಾನೂ ಆ ಕಡೆಯಿಂದ ಜೋತುಬಿದ್ದೆ. ತೆರೆಯೋವಾಗ ನಿಧಾನ, ಮುಚ್ಚೋವಾಗ ಹೆಣಗಾಟ. ಕೊನೆಗೆ ಚಕ್ರ ಕಚ್ಚಿ ನಿಂತಿತು. ಎಷ್ಟು ಹೋಗಿರಬಹುದು ಅಂತ ಕೈಸನ್ನೆಯಲ್ಲಿ ಕೇಳಿದೆ. ಅವರು ತಮ್ಮ ಕಣಕಾಲು ಮುಟ್ಟಿ ತೋರಿಸಿದರು. ಆಮೇಲೆ ಯೋಚನೆ ಮಾಡಿ ಕೈಯನ್ನ ಮೊಣಕಾಲಿನ ಮೇಲಕ್ಕೆ ತಂದರು. ಇಳಿಜಾರಲ್ಲವಾ, ಹೋದ ನೀರೆಲ್ಲ ತಳದಲ್ಲೇ ನಿಲ್ಲುತ್ತೆ.

ಇನ್ನೇನು ಮಾಡಲಿ? ಗಾಡಿ ಹಿಡಿದು ಆ ತುದಿಗೆ ಹೋಗೋಣ ಅಂತ ಬಾಗಿಲವರೆಗೆ ಬಂದೆ. ದಾರಿಯಲ್ಲಿದ್ದಾಗ ಇಲ್ಲಿ ಸುದ್ದಿ ಬಂದರೆ? ವಾಪಸ್ ಬಂದೆ. ಮತ್ತೆ ಮಾವನಿಗೆ ಫೋನು, ಮತ್ತೆ ಡ್ರಾಯರು. ಗುಡುಗಣ್ಣ ಸ್ಟೂಲು ಎಳೆದುಕೊಟ್ಟರು, ಕೂತೆ, ಕೂತ ಹಾಗೇ ಎದ್ದೆ. ಪ್ರಿಂಟರಿನ ಮುಂದೆ ಆ ಕಡೆ ಈ ಕಡೆ ನಡೆದೆ. ನಿನ್ನೆ ರಾತ್ರಿ ನೀರಿನ ಜಗ್ಗಿಗೆ ಹೇಳಿದ ಮಾತು ನೆನಪಾಯಿತು. ಬೆಳಿಗ್ಗೆ ಅವನು ಹೊರಡೋವಾಗ ನಾನು ಮುಖ ಕೊಟ್ಟು ಮಾತಾಡಿರಲಿಲ್ಲ. ಟಿಫಿನ್ ಡಬ್ಬಿ ಮರೆತು ಹೋಗಿದ್ದ, ನಾನು ನೋಡಿಯೂ ಕೂಗಿ ಕರೆದಿರಲಿಲ್ಲ.

ಅಷ್ಟರಲ್ಲಿ ಪ್ರಿಂಟರು ಕರಕರ ಅಂತು.

ಪೂರ್ವದ ಪೈಪಿಗೆ ನೀರು ಬಂದಿದೆ. ಚಕ್ರ ಪೂರ್ತಿ ಮುಚ್ಚಿ. ಇವತ್ತು ಮತ್ತೆ ತೆರೆಯಬಾರದು.

ನಿಂತಿತು. ಸಾಲು ಎಷ್ಟು ನೆಟ್ಟಗಿತ್ತು ಅಂದರೆ ನೋಡೋಕೆ ಅಸಹ್ಯವಾಯಿತು. ನಾನು ಕೆಳಗಿನದಕ್ಕೆ ಕಾಯ್ತಾ ನಿಂತೆ. ಗುಡುಗಣ್ಣ ಕಾಗದ ಹರಿದು, ಹಿಂದೆ ಏನಾದರೂ ಇದೆಯಾ ಅಂತ ತಿರುಗಿಸಿ ನೋಡಿದರು. ಏನಿರುತ್ತೆ? ಮಾವ ಬರೆದಿದ್ದರು. ಬರೆಯದೇ ಇರೋ ಮನುಷ್ಯರೇ ಅಲ್ಲ. ಮೇಲೆ ಕೆಲಸ, ಕೆಳಗೆ ಜನ. ಒಳಗೆ ಯಾರು, ಹೊರಗೆ ಯಾರು, ನನ್ನ ಗಂಡ ಇದ್ದಾನೋ ಇಲ್ಲವೋ, ಎಲ್ಲ ಚುಕ್ಕಿಯ ಕೆಳಗಿತ್ತು. ಅದನ್ನ ನಾನು ನೆಟ್ಟಗೆ ಮಾಡಿದ ಯಂತ್ರ ನುಂಗಿ ಕೂತಿತ್ತು, ನನ್ನದೇ ಕೋಣೆಯಲ್ಲಿ.

ಮತ್ತೆ ಓಡಿದೆ. ಈ ಸಲ ಕಟ್ಟೆಯ ಮೇಲೆ ಜಾರಿ ಬಿದ್ದು ಅಂಗೈ ತರಚಿತು, ಎದ್ದೆ. ಮೆಟ್ಟಿಲಿನ ಮೇಲಿದ್ದ ನನ್ನ ಚಪ್ಪಲಿಯನ್ನ ನಾನೇ ಎಡವಿದೆ. ಕೋಣೆಗೆ ನುಗ್ಗಿ ದಿನಚರಿ ತೆರೆದರೆ ಕೆಳಗಡೆ ಹೊಸ ಕೆಂಪು ಸಾಲುಗಳು. ಅರ್ಥವಾಗದ ಆಜ್ಞೆ. ಪಕ್ಕದಲ್ಲಿ ಸಂಖ್ಯೆಯ ಮಾಲೆ. ಅಕ್ಷರ ಮಾಡೋ ಕಿಟಕಿಗೆ ಹಾಕಬೇಕು, ಬೆರಳು ಬೇಕಾದ ಕಡೆ ಹೋಗ್ತಿಲ್ಲ. ಕಣ್ಣಲ್ಲೇ ಓದೋಕೆ ಹೊರಟೆ. ಇ ಸೊನ್ನೆ, ಬಿ ಎರಡು, ತೊಂಬತ್ತೆರಡು. ಅದು ಒ. ಆಮೇಲಿನದು ಳ. ಆಮೇಲೆ ಗೆ. ಒಳಗೆ. ಅಯ್ಯೋ, ಮಧ್ಯಾಹ್ನದ ಸಾಲೂ ಒಳಗೆ ಅಂತಲೇ ಶುರುವಾಗಿತ್ತಲ್ಲ. ಒಳಗೆ, ಆಮೇಲೆ? ಐದು ಅಂತಿದ್ದರೆ ಐ ತೊಂಬತ್ತು ಅಂತ ಮುಗೀಬೇಕು. ಇದು ತೊಂಬತ್ತಲ್ಲ. ಎ ಎಫ್. ಎ ಎಫ್ ಯಾವುದು, ಯಾವ ಅಕ್ಷರ ಅದು, ಹುಟ್ಟಿದಾಗಿಂದ ಬರೀತಿರೋ ಅಕ್ಷರ ನನಗೆ ನೆನಪಾಗ್ತಿಲ್ಲ. ಬೆರಳು ಮಡಿಚಿ ಎಣಿಸಿದೆ. ಯ. ಒಳಗೆ ಯ.

ಅಲ್ಲಿಗೆ ಕಣ್ಣು ಮಂಜಾಗಿ ಸಂಖ್ಯೆ ಕಾಣಲಿಲ್ಲ. ಮಾಲೆಗಳನ್ನೆಲ್ಲ ಬಾಚಿ ಕಿಟಕಿಯೊಳಗೆ ಸುರಿದೆ.

ಅರ್ಥವಾಗದ ಆಜ್ಞೆ: ಒಳಗೆ ಯಾರೂ ಇಲ್ಲ. ಐದೂ ಜನ ಹೊರಗೆ ಬಂದಿದ್ದಾರೆ.

ಅರ್ಥವಾಗದ ಆಜ್ಞೆ: ನೀರು ಕಂಡ ತಕ್ಷಣ ಕರೆಂಟು ಕಿತ್ತೆವು. ನನ್ನ ಮಗನ ಮೊಣಕಾಲು ತರಚಿದೆ, ಅಷ್ಟೇ.

ಅರ್ಥವಾಗದ ಆಜ್ಞೆ: ನಮ್ಮ ಹುಡುಗಿ ಮೇಲೆ ಆಫೀಸಿನಲ್ಲಿ ಒಬ್ಬಳೇ ಇರುತ್ತಾಳೆ. ಮೊದಲು ಅವಳಿಗೆ ಹೇಳಿ.

ನಾನು ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಸದ್ದು ಮಾಡಿಕೊಂಡೇ ಅತ್ತೆ, ಯಾರಾದರೂ ಬಂದರೆ ಬರಲಿ ಅಂತ. ನಮ್ಮ ಹುಡುಗಿ ಅಂತೆ. ಮನೆಯಲ್ಲಿ ಒಂದು ಸಲವೂ ಹಾಗೆ ಅಂದವರಲ್ಲ. ಚುಕ್ಕಿಯ ಕೆಳಗೆ ಜನ ಮಾತ್ರ ಇರ್ತಾರೆ ಅಂತ ನನಗೆ ಗೊತ್ತಿತ್ತು, ಅಲ್ಲಿ ನಾನೂ ಇರಬಹುದು ಅಂತ ಗೊತ್ತಿರಲಿಲ್ಲ.

ಫೋನು ಹೊಡಕೊಂಡಿತು. ಮಾವನ ಡ್ರಾಯರಿನ ನಂಬರು. ಎತ್ತಿ ಕಿವಿಗೆ ಇಟ್ಟೆ. ಆ ಕಡೆ ಮಾವ ಒಮ್ಮೆ ಕೆಮ್ಮಿದರು.

"ಗುಡುಗಣ್ಣ ನಿನಗೆ ಹೇಳಿದನೇನಮ್ಮ?"

"ಅವರಿಗೆ ಬರಲೇ ಇಲ್ಲ ಮಾವ," ಅಂದೆ. "ಚುಕ್ಕಿಯ ಕೆಳಗಿನದು ನಿನ್ನೆಯಿಂದ ಯಾವುದೂ ಹೋಗ್ತಿಲ್ಲ. ನಾನು ಸಾಲು ನೆಟ್ಟಗೆ ಮಾಡಿದೆನಲ್ಲ, ಅದರಿಂದ. ನೀರು ಬಂದದ್ದು ನನ್ನಿಂದ."

ಆ ಕಡೆ ಯಾರೋ ಒದ್ದೆ ಬೂಟು ಬಿಚ್ಚಿ ನೆಲಕ್ಕೆ ಬಡಿಯೋ ಸದ್ದು ಕೇಳಿಸ್ತಿತ್ತು. ಇಷ್ಟು ವರ್ಷಕ್ಕೆ ಒಂದು ಸಲ ನೇರ ಮಾತಾಡಿದರು, ಅದಕ್ಕೂ ನಾನು ಕಲ್ಲು ಹಾಕಿದೆ ಅಂದುಕೊಂಡೆ. ಆಮೇಲೆ ಅವರು ಫೋನನ್ನ ಸ್ವಲ್ಪ ದೂರ ಹಿಡಿದು, ಆದರೆ ನನಗೆ ಸರಿಯಾಗಿ ಕೇಳಿಸೋ ಹಾಗೆ, ಮಗನ ಕಡೆ ತಿರುಗಿ ಹೇಳಿದರು.

"ಲೋ, ಅವಳಿಗೆ ಹೇಳು, ಬೈಯೋದು ಬೇಕಾದಷ್ಟಿದೆ, ಮನೆಗೆ ಬಂದ ಮೇಲೆ ನಾನೇ ಎದುರಿಗೆ ಕೂತು ಬೈತೀನಿ ಅಂತ. ಈಗ ನೀನು ಮಾತಾಡು."

ಫೋನು ಕೈ ಬದಲಾಯಿಸಿತು. ನನ್ನ ಗಂಡನ ಹಲ್ಲು ಚಳಿಗೆ ಕಟಕಟ ಅಂತಿತ್ತು.

"ಕೇಳಿಸ್ತಾ?" ಅಂದ.

ಕೇಳಿಸ್ತು ಅಂದೆ.